ಮುಳ್ಳುಹಂದಿ ಅಲುಗಾಡಲಿಲ್ಲ

ಜನವರಿ 9

ತಮ್ಮಾ,

ನಾಲ್ಕು ವರ್ಷದ ಮೇಲೆ ಬರೆಯುತ್ತಿದ್ದೇನೆ. ಕ್ಷೇಮ ವಿಚಾರಿಸಲು ಅಲ್ಲ. ನೀನು ಕ್ಷೇಮವಾಗಿದ್ದೀಯ ಎಂದು ಪತ್ರಿಕೆಯವರೇ ಹಾಕಿದ್ದಾರೆ, ಫೋಟೋ ಸಮೇತ. ಗಡ್ಡ ಬಿಟ್ಟಿದ್ದೀಯ. ಅಮ್ಮ ಇದ್ದಿದ್ದರೆ "ಮೊದ್ಲು ಹೋಗಿ ಮುಖ ತೊಳ್ಕೊಂಡ್ ಬಾ" ಅನ್ನುತ್ತಿದ್ದಳು.

ಫೋಟೋದ ಕೆಳಗೆ ಹೀಗಿತ್ತು: 'ದೊಡ್ಡವರಿಗಾಗಿ ಬರೆದ ಪ್ರಾಣಿಲೋಕದ ಕಾದಂಬರಿಮಾಲೆಯ ಮೂರನೆಯ ಹಾಗೂ ಕೊನೆಯ ಸಂಪುಟ ಈ ವರ್ಷವೇ ಹೊರಬರಲಿದೆ. ಓದುಗರೆಲ್ಲ ದ್ವೇಷಿಸುವ ಮುಳ್ಳುಹಂದಿಗೆ ಈ ಸಲ ತಕ್ಕ ಅಂತ್ಯ ಕಾದಿದೆ ಎನ್ನುತ್ತಾರೆ ಲೇಖಕರು.'

ಓದಿ ಎರಡು ದಿನ ಸುಮ್ಮನಿದ್ದೆ. ಮೂರನೆಯ ದಿನ ಇಲ್ಲಿನ ಹುಡುಗಿಯರು ಸುಮ್ಮನಿರಲು ಬಿಡಲಿಲ್ಲ. ನಾನೀಗ ಆಸ್ಪತ್ರೆಯ ಬಟ್ಟೆ ವಿಭಾಗದ ಮೇಲ್ವಿಚಾರಕಿ. ಅಮ್ಮ ಹಾಸಿಗೆ ಬಟ್ಟೆ ಒಗೆದ ಅದೇ ನೆಲಮಾಳಿಗೆ. ನಿನಗೆ ಗೊತ್ತಿರಲಿಕ್ಕಿಲ್ಲ, ಇದನ್ನು ಯಾರೂ ಪತ್ರಿಕೆಯಲ್ಲಿ ಹಾಕಲಿಲ್ಲ. ಬಟ್ಟೆ ಮಡಿಸುವ ಹುಡುಗಿಯರು ಚಹಾದ ಹೊತ್ತಿನಲ್ಲಿ ನಿನ್ನ ಎರಡನೆಯ ಸಂಪುಟ ಓದುತ್ತಾರೆ. ಕನ್ನಡಕದವಳು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು. ಮೊನ್ನೆ ಅವಳು ಆ ಭಾಗಕ್ಕೆ ಬಂದಳು. ಬಿಳಿ ನದಿ ಕುದಿಯುತ್ತದೆ, ನೀರುನಾಯಿ ತಾಯಿಯ ಪಂಜ ಬೆಂದುಹೋಗುತ್ತದೆ, ಅದು ಕಿರುಚುತ್ತದೆ. ದಡದಲ್ಲಿ ಕೂತ 'ಮುಳ್ಳುಹಂದಿ ಅಲುಗಾಡಲಿಲ್ಲ. ಅದರ ಕಣ್ಣು ತೆರೆದೇ ಇತ್ತು.'

"ಥೂ, ಇದಕ್ಕೆ ಎದೆಯೊಳಗೆ ಏನಿದೆ, ಕಲ್ಲಾ?" ಎಂದಳು ಒಬ್ಬಳು. "ಮೇಡಂ, ನೀವೇ ಹೇಳಿ, ಇಂಥದ್ದು ಸಾಯ್ಬೇಕು ಅಲ್ವಾ?"

"ಚಹಾ ಕುಡಿದಾಯ್ತಲ್ಲ? ಏಳಿ," ಎಂದೆ.

ಆ ಮುಳ್ಳುಹಂದಿ ಯಾರೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೇನಾಗಿದೆಯೆಂದು ಅಮ್ಮ ನನ್ನ ತಲೆ ಬೋಳಿಸಿದ್ದಳು. ಕೂದಲು ಚುಚ್ಚುಚುಚ್ಚಾಗಿ ಬೆಳೆಯುವಾಗ ನನಗೆ ನಾನೇ ಇಟ್ಟುಕೊಂಡ ಹೆಸರದು. ನೀನು ಮುಂಗುಸಿ ಮರಿ, ಅಮ್ಮ ನೀರುನಾಯಿ. ಕಥೆ ನನ್ನದು. ಎರಡು ಸಂಪುಟ ನೀನು ಮಾರಿಕೊಂಡೆ, ನಾನು ಬಾಯಿ ಬಿಡಲಿಲ್ಲ. ಆದರೆ ಕೊನೆ ನಿನಗೆ ಗೊತ್ತಿಲ್ಲ. ನನಗೆ ಗೊತ್ತು. ನನ್ನನ್ನು ಕೇಳದೆ ಕೊಂದರೆ ಸುಮ್ಮನಿರುವವಳಲ್ಲ.

ಅಕ್ಕ

ಜನವರಿ 21

ಮಾನ್ಯರೇ,

ನಿಮ್ಮ ಪತ್ರ ತಲುಪಿತು. ಬಡ್ತಿಗೆ ಅಭಿನಂದನೆಗಳು.

ಕಾದಂಬರಿಯ ಪಾತ್ರಗಳೆಲ್ಲ ಕಾಲ್ಪನಿಕ. ಪ್ರತಿ ಸಂಪುಟದ ಮೊದಲ ಪುಟದಲ್ಲೇ ಹಾಗೆಂದು ಅಚ್ಚಾಗಿದೆ. ಬಾಲ್ಯದಲ್ಲಿ ಯಾರೋ ಹೇಳಿದ ನಾಲ್ಕು ಮಾತು ನನ್ನ ಮನಸ್ಸಿನಲ್ಲಿ ಉಳಿದಿರಬಹುದು, ಇಲ್ಲವೆನ್ನುವುದಿಲ್ಲ. ಆದರೆ ಎರಡು ಮಣ್ಣಿನ ಹೆಂಟೆ ತಂದುಕೊಟ್ಟವರು ಮನೆ ತಮ್ಮದೆಂದು ಬಾಗಿಲಲ್ಲಿ ನಿಲ್ಲುವುದು ಸರಿಯಲ್ಲ. ಈ ಎರಡು ಸಂಪುಟಗಳಿಗೆ ನನ್ನ ಒಂಬತ್ತು ವರ್ಷ ಹೋಗಿದೆ. ಹಗಲೆಲ್ಲ ಪತ್ರಿಕೆಯ ಕಚೇರಿಯಲ್ಲಿ ಬೇರೆಯವರ ತಪ್ಪು ತಿದ್ದಿ, ಉಳಿದ ಹೊತ್ತಿನಲ್ಲಿ ಬರೆದದ್ದು.

ನಿಮ್ಮ ಹುಡುಗಿಯರಿಗೆ ಮುಳ್ಳುಹಂದಿಯ ಮೇಲೆ ಸಿಟ್ಟು ಬಂದಿದ್ದರೆ ಅದು ಬರಹದ ಗೆಲುವು. ನಿಮಗೆ ನೋವಾಗಿದ್ದರೆ ಅದಕ್ಕೆ ಕಾರಣವನ್ನು ಪುಸ್ತಕದಲ್ಲಿ ಹುಡುಕಬೇಡಿ.

ಕೊನೆ ಗೊತ್ತಿದೆ ಎಂದು ಬರೆದಿದ್ದೀರಿ. ಏನದು? ಕುತೂಹಲಕ್ಕಷ್ಟೇ ಕೇಳುತ್ತಿದ್ದೇನೆ. ನನ್ನ ಸಂಪುಟದ ಕೊನೆ ಈಗಾಗಲೇ ಸಿದ್ಧವಾಗಿದೆ.

ಇತಿ

ಫೆಬ್ರವರಿ 2

ಎಲೋ ಮಾನ್ಯ,

ಅಕ್ಕನಿಗೆ 'ನೀವು' ಎಂದು ಬರೆಯುವಷ್ಟು ದೊಡ್ಡವನಾದೆಯಾ? ನಿನ್ನ ಮೂಗು ಒರೆಸಿದ ಕೈ ಇದು. ಅದು ಇನ್ನೂ ಇದೆ, ನೋಡು, ಬರೆಯುತ್ತಿದೆ.

ನಾಲ್ಕು ಮಾತಂತೆ! ನೆನಪು ಮಾಡಿಕೊಡುತ್ತೇನೆ. ನಿನಗೆ ಐದು ವರ್ಷ, ನನಗೆ ಹನ್ನೊಂದು. ಅಮ್ಮನದು ಮಧ್ಯಾಹ್ನದ ಪಾಳಿ. ಮನೆಯಲ್ಲಿ ನಮ್ಮನ್ನು ನೋಡಿಕೊಳ್ಳುವವರಿಲ್ಲ, ಕೆಲಸದ ಜಾಗಕ್ಕೆ ಮಕ್ಕಳನ್ನು ತರುವಂತಿಲ್ಲ. ಅದಕ್ಕೇ ಹಿಂಬಾಗಿಲಿನಿಂದ ಕ್ಯಾನ್ವಾಸ್ ಗಾಡಿಯಲ್ಲಿ ನಮ್ಮನ್ನು ಕೂರಿಸಿ, ಮೇಲೆ ಹಾಸಿಗೆ ಬಟ್ಟೆ ಹೊದಿಸಿ ಒಳಗೆ ತಳ್ಳಿಕೊಂಡು ಹೋಗುತ್ತಿದ್ದಳು. ಹರಿದ ಬಟ್ಟೆಯ ಮೂಟೆಗಳ ಹಿಂದಿನ ಮೂಲೆ ನಮ್ಮದು. ಎದುರಿಗೆ ಒಗೆದ ಬಟ್ಟೆಯನ್ನು ಒತ್ತಿ ಒಣಗಿಸುವ ಬಿಸಿ ರೋಲರ್ ಯಂತ್ರ. ಈ ಕಡೆ ಇಬ್ಬರು ಹೆಂಗಸರು ಒದ್ದೆ ಬಟ್ಟೆ ಕೊಡಬೇಕು, ಆ ಕಡೆ ಇಬ್ಬರು ಒಣಗಿದ್ದನ್ನು ಹಿಡಿಯಬೇಕು. ನಡುವೆ ಬಿಳಿ ಬಟ್ಟೆ ಹರಿಯುತ್ತಲೇ ಇರುತ್ತಿತ್ತು, ಮೇಲೆ ಆವಿ. ಅದೇ ನಿನ್ನ ಬಿಳಿ ನದಿ. ಟಕ್ ಟಕ್ ಹಿಮ್ಮಡಿ ಸದ್ದು ಮಾಡಿಕೊಂಡು ಬರುತ್ತಿದ್ದ ಉದ್ದ ಕಾಲಿನ ಮೇಲ್ವಿಚಾರಕಿ ಕೊಕ್ಕರೆ. ಕೊಕ್ಕರೆ ಮರಿಗಳನ್ನು ಕಂಡರೆ ನೀರುನಾಯಿಗೆ ನದಿ ಇಲ್ಲ. ಅಂದರೆ ಅಮ್ಮನಿಗೆ ಕೆಲಸ ಇಲ್ಲ.

ನೀನು ಅಳಬಾರದು. ಅಳದಿರಲು ಕಥೆ. ಅಷ್ಟೇ.

ನೀರುನಾಯಿಗೆ ಮುಂಗುಸಿ ಹೇಗೆ ಮಗನಾಯಿತು ಎಂದು ಯಾವನೋ ವಿಮರ್ಶಕ ಎರಡು ಅಂಕಣ ಬರೆದು ಅದನ್ನು ಗಹನವಾದ ರೂಪಕ ಎಂದಿದ್ದಾನೆ. ಓದಿ ನಕ್ಕೆ. ಹನ್ನೊಂದು ವರ್ಷದವಳಿಗೆ ಅದು ಆಗದ ಮಾತು ಎಂದು ಗೊತ್ತಿರಲಿಲ್ಲ. ನಲವತ್ತರ ನಿನಗೂ ಗೊತ್ತಾಗಲಿಲ್ಲವಲ್ಲ!

ಇನ್ನೊಂದು. ನಿನ್ನ ಮುಳ್ಳುಹಂದಿ ಬಾಣ ಬಿಟ್ಟ ಹಾಗೆ ಮುಳ್ಳು ಎಸೆಯುತ್ತದೆ. ರಜೆಯ ದಿನ ಮೃಗಾಲಯಕ್ಕೆ ಹೋಗಿ ಕೇಳಿ ಬಂದೆ. ಅಲ್ಲಿನ ಪಾಲಕ ಬಿದ್ದು ಬಿದ್ದು ನಕ್ಕ. "ಯಾರ್ ಹೇಳಿದ್ದಮ್ಮ? ಎಸೆಯೋದೂ ಇಲ್ಲ, ಗಿಸೆಯೋದೂ ಇಲ್ಲ. ಹತ್ರ ಬಂದವರಿಗೆ ಚುಚ್ಚುತ್ತೆ. ಅದರ ಪಾಡಿಗೆ ಬಿಟ್ರೆ ಮೂಲೇಲಿ ಕೂತಿರುತ್ತೆ," ಎಂದ.

ಅಮ್ಮನ ಕೈಯ ಸಂಗತಿ ನಿನಗೆ ಯಾರು ಹೇಳಿದರೋ, ಅಮ್ಮನೇ ಇರಬೇಕು. ಯಾರೇ ಆಗಲಿ, ಅರ್ಧ ಹೇಳಿದ್ದಾರೆ.

ಕೊನೆ ಕೇಳಿದ್ದೀಯ, ಕುತೂಹಲಕ್ಕಂತೆ. ದಿನಾ ಕೊನೆಯವರೆಗೂ ಹೇಳುತ್ತಿದ್ದೆ. ದಿನಾ ನೀನು ನದಿಯ ತಿರುವು ಬರುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದೆ. ಕೊಡುವುದಿಲ್ಲ. ಇದೊಂದನ್ನಾದರೂ ನೀನು ಕದಿಯಲಾಗದ ಜಾಗದಲ್ಲಿ ಇಟ್ಟಿದ್ದೇನೆ.

ಅಕ್ಕ

ಫೆಬ್ರವರಿ 11

ಅಕ್ಕಾ,

ಸರಿ, ನೀನು. ಬೇಕಾದರೆ ಇನ್ನೂ ಕೆಳಗಿಳಿದು ಮಾತಾಡೋಣ.

ಕದ್ದೆ ಎಂದೆಯಲ್ಲ, ಯಾರಿಂದ? ಒಂದು ಸಾಲನ್ನೂ ಕಾಗದದ ಮೇಲೆ ಇಡದವಳಿಂದಲೇ? ನೀನು ಆ ನೆಲಮಾಳಿಗೆಯನ್ನು ಬಿಡಲೇ ಇಲ್ಲ. ಬಿಟ್ಟವನ ಮೇಲೆ ನಿನಗೆ ಹೊಟ್ಟೆಯುರಿ. ಅಮ್ಮ ಹೋದಾಗ ನಾನು ಎರಡು ದಿನ ತಡವಾಗಿ ಬಂದೆನೆಂದು ಎಲ್ಲರ ಮುಂದೆ "ಅತಿಥಿಗಳು ಬಂದ್ರು, ಕುರ್ಚಿ ಹಾಕಿ" ಎಂದೆ. ಅದು ನನಗೆ ನೆನಪಿದೆ.

ಅದಕ್ಕಿಂತ ಹಿಂದಿನದೂ ನೆನಪಿದೆ. ಅಮ್ಮನ ಕೈ ರೋಲರಿಗೆ ಸಿಕ್ಕ ಮಧ್ಯಾಹ್ನ ನೀನು ಎಲ್ಲಿದ್ದೆ, ಏನು ಮಾಡಿದೆ, ಏನು ಮಾಡಲಿಲ್ಲ ಎಂದು ನನಗೆ ಗೊತ್ತು. ಮೂವತ್ತೈದು ವರ್ಷ ನಿನ್ನ ಮುಖಕ್ಕೆ ಹೇಳಲಿಲ್ಲ. ಹೇಳಲಾಗದ್ದಕ್ಕೇ ಬರೆದೆ.

ಮುಳ್ಳುಹಂದಿ ಸಾಯುತ್ತದೆ. ಯಾರೂ ಕೊಲ್ಲುವುದಿಲ್ಲ, ಹೆದರಬೇಡ. ಪ್ರಾಣಿಗಳೆಲ್ಲ ಮರದ ದಿಮ್ಮಿಯ ಮೇಲೆ ಕೊನೆಯ ಸಲ ನದಿ ದಾಟುತ್ತವೆ. ಮುಳ್ಳುಹಂದಿ ಈಚೆ ದಡದಲ್ಲಿ ಕೂಗುತ್ತದೆ. ಒಬ್ಬರೂ ತಿರುಗಿ ನೋಡುವುದಿಲ್ಲ. ಮುಂಗುಸಿ ದಿಮ್ಮಿಯನ್ನು ಎಳೆದುಕೊಳ್ಳುತ್ತದೆ. ನೀರು ಏರುತ್ತದೆ. ಅಷ್ಟೇ.

ಕೊನೆಯ ಅಧ್ಯಾಯದ ಪ್ರತಿ ಜೊತೆಗಿದೆ. ಏಪ್ರಿಲ್ ಕೊನೆಗೆ ಅಚ್ಚಿಗೆ ಹೋಗುತ್ತದೆ. ಓದು. ನಿನ್ನ ಕೊನೆಯನ್ನು ನೀನೇ ಇಟ್ಟುಕೋ.

ಮಾರ್ಚ್ 30

ನಿನ್ನ ಕಟ್ಟು ಆರು ವಾರ ಕಪಾಟಿನಲ್ಲಿ ಬಿದ್ದಿತ್ತು. ಮುಟ್ಟಬಾರದು ಎಂದುಕೊಂಡಿದ್ದೆ. ನಿನ್ನೆ ಓದಿದೆ. ವಾಪಸ್ ಕಳಿಸಿದ್ದೇನೆ.

ಒಂಬತ್ತನೆಯ ಪುಟದಲ್ಲಿ ನದಿ ಕುದಿದ ಆ ದಿನ ಮತ್ತೆ ಬರುತ್ತದೆ. ನೀರುನಾಯಿ ಕಿರುಚಿದ ಮೇಲೆ ಮುಳ್ಳುಹಂದಿ ಬಾಯೊಳಗೇ "ನೀರು ಇಳಿಯುತ್ತೆ, ನೀರು ಇಳಿಯುತ್ತೆ" ಎಂದುಕೊಳ್ಳುತ್ತದೆ.

ಅವತ್ತು ನಾನು ಬಾಯೊಳಗೇ ಅಂದುಕೊಂಡ ಮಾತು ಅದು. ಅದನ್ನು ಯಾರಿಗೂ ಹೇಳಿಲ್ಲ. ಅಮ್ಮನಿಗೂ ಹೇಳಿಲ್ಲ. ರೋಲರಿನ ಸದ್ದಿನಲ್ಲಿ ಮೂಟೆಯಾಚೆ ಯಾರಿಗೂ ಕೇಳುವಂತಿರಲಿಲ್ಲ. ನನ್ನ ಪಕ್ಕದಲ್ಲಿ ಇದ್ದವನು ನೀನೊಬ್ಬ.

ನೀನು ಎಚ್ಚರವಾಗಿದ್ದೆಯಾ?

ಏಪ್ರಿಲ್ 6

ಹೌದು.

ಅಮ್ಮ ಕೂಗುವ ಮುಂಚಿನಿಂದಲೂ. ಅವತ್ತು ನನಗೆ ನಿದ್ದೆ ಬಂದಿರಲೇ ಇಲ್ಲ. ಅದಕ್ಕೂ ಹಿಂದಿನ ದಿನ ನೀನು ಅಮ್ಮನ ಹತ್ತಿರ "ಇವನು ಬೇಗ ಮಲಗಿದ್ರೆ ನಾನೂ ಮೂಲೇಲೇ ಕೂತು ನಿಂಗೆ ಮಡಿಸ್ಕೊಡ್ತೀನಿ" ಎಂದಿದ್ದೆ. ಅದನ್ನು ಕೇಳಿಸಿಕೊಂಡಿದ್ದೆ. ನಾನು ಬೇಗ ಮಲಗಿದರೆ ಅಮ್ಮನಿಗೆ ಸಹಾಯವಾಗುತ್ತದೆ ಎಂದುಕೊಂಡು ಕಣ್ಣು ಮುಚ್ಚಿ ಉಸಿರು ಉದ್ದ ಎಳೆಯುತ್ತಿದ್ದೆ. ನೀನು ನದಿಯ ತಿರುವಿಗೆ ಬಂದು ಕಥೆ ನಿಲ್ಲಿಸಿದೆ. ಆಮೇಲೆ ಅಮ್ಮನ ಕೂಗು.

ಈಗ ಅಕ್ಕ ಏಳುತ್ತಾಳೆ, ಈಗ ಓಡುತ್ತಾಳೆ ಎಂದು ಕಾದೆ. ಅರೆಗಣ್ಣಿನಲ್ಲಿ ನೋಡಿದೆ. ನೀನು ಕೂತೇ ಇದ್ದೆ. ಕಣ್ಣು ತೆರೆದೇ ಇತ್ತು.

ದಿನಾ ಕೊನೆಯವರೆಗೂ ಹೇಳುತ್ತಿದ್ದೆ ಎಂದು ಬರೆದೆಯಲ್ಲ. ಅವತ್ತು ಹೇಳಲಿಲ್ಲ. ನನಗೆ ಅದೂ ಗೊತ್ತು. ಈಗ ನೀನು ಹೇಳು. ಯಾಕೆ ಏಳಲಿಲ್ಲ?

ಏಪ್ರಿಲ್ 29

ತಮ್ಮಾ,

ಎರಡು ಸಲ ಬರೆದು ಹರಿದೆ. ಮೂರನೆಯದನ್ನು ಹರಿಯುವ ತಾಳ್ಮೆ ಇಲ್ಲ.

ಮೊದಲು ಕೊನೆಯ ವಿಷಯ. ಕೊನೆ ಇರಲೇ ಇಲ್ಲ. ನಿನ್ನ ಉಸಿರು ಉದ್ದವಾದ ಕೂಡಲೇ ನಿಲ್ಲಿಸುತ್ತಿದ್ದೆ. ನಲ್ಲಿಯಂಥ ಕಥೆ ಅದು. ಕೊಡ ತುಂಬಿದ ಮೇಲೆ ಯಾರು ಬಿಟ್ಟುಕೊಂಡು ಕೂರುತ್ತಾರೆ? ಜನವರಿಯಲ್ಲಿ ಸುಳ್ಳು ಬರೆದೆ. ನಿನ್ನ ಹತ್ತಿರ ಎಲ್ಲವೂ ಇದೆ, ನಿನ್ನ ಹತ್ತಿರ ಇಲ್ಲದ್ದು ಒಂದಾದರೂ ನನ್ನಲ್ಲಿರಲಿ ಎಂದು.

ಇನ್ನು ಆ ಮಧ್ಯಾಹ್ನ. ಮೂಲೆಯಲ್ಲಿ ಬಿಟ್ಟುಹೋಗುವಾಗ ಅಮ್ಮ ದಿನಾ ಹೇಳುತ್ತಿದ್ದ ಮಾತು ಒಂದೇ: "ಏನೇ ಆದ್ರೂ ಅವನು ಅಳಬಾರ್ದು, ನೀನು ಹೊರಗೆ ಬರಬಾರ್ದು. ಕಟ್ಟಡ ಬಿದ್ರೂ ಸರಿ." ಅಮ್ಮ ಕೂಗಿದಾಗ ನಿನ್ನ ತಲೆ ನನ್ನ ಎಡತೋಳಿನ ಮೇಲಿತ್ತು. ಕೊಕ್ಕರೆಯ ಟಕ್ ಟಕ್ ಆಗಲೇ ಬಾಗಿಲ ಹತ್ತಿರ ಕೇಳುತ್ತಿತ್ತು. ತೋಳು ಎಳೆದರೆ ನೀನು ಏಳುತ್ತೀಯ. ಎದ್ದರೆ ಅಳುತ್ತೀಯ. ಅತ್ತರೆ ಅಮ್ಮನಿಗೆ ಕೈಯೂ ಇಲ್ಲ, ಕೆಲಸವೂ ಇಲ್ಲ. ಇಷ್ಟನ್ನು ಹನ್ನೊಂದು ವರ್ಷದ ತಲೆಯಲ್ಲಿ ಕೂಡಿ ಕಳೆದು ಕೂತೆ. ರೋಲರ್ ನಿಲ್ಲಿಸುವ ಕೆಂಪು ಗುಂಡಿ ನಮ್ಮ ಕಡೆಯ ಗೋಡೆಯಲ್ಲೇ ಇತ್ತು. ಎಂಟು ಹೆಜ್ಜೆ. ಆ ಎಂಟು ಹೆಜ್ಜೆಯನ್ನು ನಾನು ಈಗಲೂ ದಿನಾ ನಡೆಯುತ್ತೇನೆ, ಕೆಲಸಕ್ಕೆ ಬಂದ ತಕ್ಷಣ, ಯಾರೂ ಬರುವ ಮುಂಚೆ. ಜೊತೆಯವಳು ಅಮ್ಮನ ತೋಳು ಹಿಡಿದು ಎಳೆಯುತ್ತಿದ್ದಳು, ಆ ಕಡೆಯ ಹೆಂಗಸು ಸುತ್ತಿ ಬಂದು ಗುಂಡಿ ಒತ್ತುವಷ್ಟರಲ್ಲಿ ಮೂರು ಬೆರಳು ಹೋಗಿದ್ದವು.

ಆಮೇಲೆ ಎರಡು ಗಂಟೆ ಹಾಗೇ ಕೂತಿದ್ದೆ. ತೋಳು ಮರಗಟ್ಟಿತು. ನಿನ್ನ ತಲೆ ಅದರ ಮೇಲಿದೆಯೋ ಇಲ್ಲವೋ ಎಂದೂ ತಿಳಿಯುತ್ತಿರಲಿಲ್ಲ.

ಸಂಜೆ ಕೈಗೆ ಪಟ್ಟಿ ಸುತ್ತಿಕೊಂಡು ಬಂದ ಅಮ್ಮ ಮೊದಲು ಕೇಳಿದ್ದು "ಅವನು ಎದ್ನಾ?" ಎಂದು.

"ಇಲ್ಲ."

"ಜಾಣೆ," ಎಂದಳು.

ಅಮ್ಮ ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅದನ್ನು ಇಷ್ಟು ವರ್ಷ ಎತ್ತಿಟ್ಟುಕೊಂಡಿದ್ದೆ. ಅದೂ ಸುಳ್ಳಿನ ಮೇಲೆ ನಿಂತಿತ್ತು ಎಂದು ಈ ತಿಂಗಳು ನೀನು ತಿಳಿಸಿದೆ. ಒಂದು ಸಲ ಕಣ್ಣು ಬಿಟ್ಟಿದ್ದರೆ ಸಾಕಿತ್ತು. ಒಂದು ಬೆರಳು ಅಲುಗಿಸಿದ್ದರೆ ಸಾಕಿತ್ತು. "ಸುಮ್ನಿರು, ಅಳ್ಬೇಡ" ಎಂದು ಹೇಳಿ ಓಡುತ್ತಿದ್ದೆ. ನೀನು ಎಚ್ಚರವಾಗಿದ್ದೂ ಸದ್ದಿಲ್ಲದೆ ಬಿದ್ದಿದ್ದೆ. ಹಾಗಾದರೆ ನಾನು ಕಾದದ್ದು ಯಾರ ನಿದ್ದೆಯನ್ನು?

ಮುಳ್ಳುಹಂದಿಯನ್ನು ಮುಳುಗಿಸು. ತಡೆಯುವುದಿಲ್ಲ. ಆದರೆ ಮುಂಗುಸಿ ಮರಿ ನಿದ್ದೆ ಮಾಡುತ್ತಿರಲಿಲ್ಲ ಎಂದೂ ಬರೆ. ಅದಕ್ಕೆ ಧೈರ್ಯ ಇದೆಯಾ ನೋಡೋಣ.

ಅಕ್ಕ

ಮೇ 12

ಅಕ್ಕಾ,

ನಿನ್ನ ಪತ್ರ ಬರುವಷ್ಟರಲ್ಲಿ ಹಸ್ತಪ್ರತಿ ಅಚ್ಚಿನ ಮನೆ ಸೇರಿತ್ತು. ಹೋಗಿ ಕೊನೆಯ ಅಧ್ಯಾಯವನ್ನು ಕಿತ್ತುಕೊಂಡು ಬಂದೆ. ಪ್ರಕಾಶಕರು ಬಾಯಿಗೆ ಬಂದಂತೆ ಬೈದರು. "ಮುಳ್ಳುಹಂದಿ ಸಾಯುತ್ತೆ ಅಂತ ಊರಿಗೆಲ್ಲ ಸಾರಿದ್ದೀವಿ, ಈಗ ಏನ್ರೀ ಮಾಡೋದು?" ಎಂದರು. ನನಗೂ ಗೊತ್ತಿಲ್ಲ ಎಂದೆ.

ಸಮಾಧಾನವಾಯಿತು ಎಂದುಕೊಳ್ಳಬೇಡ. ನನ್ನ ಸಿಟ್ಟು ಇಳಿದಿಲ್ಲ, ಅದಕ್ಕೆ ನಿಲ್ಲಲು ಜಾಗ ಇಲ್ಲವಾಗಿದೆ ಅಷ್ಟೇ. ಒಂದು ಸಿಟ್ಟಿನ ಮೇಲೆ ಮೂರು ಸಂಪುಟ ಕಟ್ಟಿದವನಿಗೆ ಕೆಳಗಿನ ಕಲ್ಲು ತೆಗೆದುಬಿಟ್ಟೆ. ಐದನೆಯ ವಯಸ್ಸಿನಲ್ಲಿ ಕಣ್ಣು ಬಿಡಲಿಲ್ಲವೆಂದು ನೀನು ಬೈಯುತ್ತೀಯ. ಹನ್ನೊಂದನೆಯ ವಯಸ್ಸಿನಲ್ಲಿ ಏಳಲಿಲ್ಲವೆಂದು ನಾನು ಬೈದೆ. ಇಬ್ಬರನ್ನೂ ಗಾಡಿಯಲ್ಲಿ ಮುಚ್ಚಿ ತಂದವಳನ್ನು ಬೈಯಲು ಇಬ್ಬರಿಗೂ ಬಾಯಿಲ್ಲ.

ಮುಳ್ಳುಹಂದಿಯ ಮೈಯಲ್ಲಿ ಮುಳ್ಳಿಲ್ಲದ ಜಾಗ ಎಲ್ಲಿದೆ? ನಿನ್ನ ಮೃಗಾಲಯದ ಪಾಲಕನನ್ನು ಕೇಳಿ ತಿಳಿಸು. ಒಂದು ಸಾಲು ಸಾಕು.

ಮೇ 20

ಹೊಟ್ಟೆಯ ಅಡಿ. ಅಲ್ಲಿ ಬರೀ ಕೂದಲು.

ನವೆಂಬರ್ 14

ತಮ್ಮಾ,

ಪುಸ್ತಕ ಬಂತು. ಕಟ್ಟು ಹಾಕಲು ಇಷ್ಟೊಂದು ದಾರ ಯಾಕೆ? ಬಿಚ್ಚುವಷ್ಟರಲ್ಲಿ ಚಹಾ ಆರಿಹೋಯಿತು.

ತಪ್ಪುಗಳು. ನಲವತ್ತನೆಯ ಪುಟದಲ್ಲಿ ನೀರುನಾಯಿ ಬಲಪಂಜದಿಂದ ಮೀನು ಹಿಡಿಯುತ್ತದೆ. ಬೆಂದದ್ದು ಬಲಪಂಜ. ಎರಡನೆಯ ಸಂಪುಟದಲ್ಲಿ ನೀನೇ ಬರೆದಿದ್ದೀಯ, ಇನ್ನೊಬ್ಬರ ತಪ್ಪು ತಿದ್ದುವ ಉದ್ಯೋಗ ಬೇರೆ ನಿನ್ನದು. ಅರ್ಪಣೆಯ ಪುಟದಲ್ಲಿ 'ಎಡತೋಳಿಗೆ' ಎಂದಷ್ಟೇ ಹಾಕಿಸಿದ್ದೀಯ. ಕನ್ನಡಕದವಳು "ಇದೆಂಥ ಅರ್ಪಣೆ ಮೇಡಂ, ಇವರಿಗೆ ಮನುಷ್ಯರೇ ಸಿಗ್ಲಿಲ್ವಾ?" ಎಂದು ಕೇಳಿದಳು. ಏನು ಹೇಳಲಿ? ಬಟ್ಟೆ ಎಣಿಸು ಎಂದೆ.

ದೊಡ್ಡ ತಪ್ಪು ಕೊಕ್ಕರೆಯದು. ಅದನ್ನು ಇನ್ನೂ ಕೆಟ್ಟದ್ದಾಗಿಯೇ ಇಟ್ಟಿದ್ದೀಯ. ಈಗ ಕೊಕ್ಕರೆ ನಾನೇ. ಮಕ್ಕಳನ್ನು ತರಬಾರದೆಂಬ ನಿಯಮ ಈಗಲೂ ಗೋಡೆಯ ಮೇಲಿದೆ. ನಾನು ಬೇಕೆಂದೇ ಸದ್ದು ಮಾಡುವ ಚಪ್ಪಲಿ ಹಾಕಿಕೊಂಡು, ಬಾಗಿಲಿನಿಂದಲೇ ಕಾಲು ಅಪ್ಪಳಿಸುತ್ತಾ ಬರುತ್ತೇನೆ. ಮೂಟೆಗಳ ಹಿಂದೆ ಯಾರಾದರೂ ಇದ್ದರೆ ಅಡಗಲು ಹೊತ್ತು ಸಿಗಲಿ ಎಂದು. ಆಗಿನ ಮೇಲ್ವಿಚಾರಕಿಯ ಹಿಮ್ಮಡಿಯೂ ಯಾಕೆ ಅಷ್ಟು ಸದ್ದು ಮಾಡುತ್ತಿತ್ತು ಎಂದು ನಿನ್ನ ಪುಸ್ತಕ ಓದುವಾಗ ಮೊದಲ ಸಲ ಯೋಚಿಸಿದೆ. ಆರು ತಿಂಗಳು ಒಂದೇ ಮೂಲೆಯಲ್ಲಿ ಇಬ್ಬರು ಮಕ್ಕಳಿದ್ದರೆ ಯಾರಿಗೆ ಗೊತ್ತಾಗುವುದಿಲ್ಲ? ಈಗ ಕೇಳಲು ಅವಳೂ ಇಲ್ಲ. ಇದಕ್ಕಾಗಿ ನಾಲ್ಕನೆಯ ಸಂಪುಟ ಬರೆಯಲು ಹೊರಡಬೇಡ, ದಮ್ಮಯ್ಯ.

ಹುಡುಗಿಯರು ನನಗಿಂತ ಮುಂದೆ ಹೋಗಿದ್ದಾರೆ. ನಿನ್ನೆ ಮುಗಿಸಿದರಂತೆ. ಕನ್ನಡಕದವಳು ಮೂಗು ಕೆಂಪು ಮಾಡಿಕೊಂಡು ಓಡಾಡುತ್ತಿದ್ದಳು. "ಮೇಡಂ, ಮುಳ್ಳುಹಂದಿ ಯಾಕೆ ಅಲ್ಲಾಡ್ಲಿಲ್ಲ ಗೊತ್ತಾ? ಅದರ ಹೊಟ್ಟೆ ಕೆಳಗೆ..." ಎಂದು ಶುರು ಮಾಡಿದಳು. ಬಾಯಿ ಮುಚ್ಚು ಎಂದೆ. ಜೋರಾಗಿಯೇ ಅಂದೆ, ಪಾಪ.

ನಾನಿನ್ನೂ ಕೊನೆ ಓದಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಮೂಟೆಗಳ ಹಿಂದೆ ಹೋಗಿ ಕೂತು ಓದುತ್ತಿದ್ದೆ. ನದಿಯ ತಿರುವು ಬರುವಷ್ಟರಲ್ಲಿ ನಿದ್ದೆ ಬಂತು. ಕೊನೆ ಏನಾಯಿತೋ ಗೊತ್ತಿಲ್ಲ. ಕಾಗದದಲ್ಲಿ ಬರೆದು ಕಳಿಸಬೇಡ, ಬಿಚ್ಚುವುದಿಲ್ಲ. ಮಧ್ಯಾಹ್ನದ ಪಾಳಿ ಈಗಲೂ ಹನ್ನೆರಡಕ್ಕೆ, ಹಿಂಬಾಗಿಲು ಈಗಲೂ ಅಲ್ಲೇ ಇದೆ. ಬಂದರೆ ಬಾಯಲ್ಲಿ ಹೇಳು.

ನಾನು ನಿದ್ದೆ ಮಾಡುವುದಿಲ್ಲ. ಮಾಡಿದರೂ ನಿಜವಾಗಿಯೇ ಮಾಡುತ್ತೇನೆ.

ಅಕ್ಕ